ಎರಡು ತೂತಿನ ಪೆಟ್ಟಿಗೆ

ನಾವು ಮೂವರು. ಪೆಟ್ಟಿಗೆಗೆ ತೂತು ಎರಡು.
ನಾಲ್ಕು ತೂತಿನದೂ ಇತ್ತು, ಅಂಗಡಿಯ ಗಾಜಿನ ಹಿಂದೆ;
ಬೆಲೆಚೀಟಿ ಓದಿದ ಜುಂಬೇರ್
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ,
ಕೊನೆಯ ಸೊನ್ನೆ ಧೂಳೇನೋ ಎಂಬಂತೆ.

ಕೊಂಡದ್ದು ಕೈದಾಟಿದ ಮಾಲು.
ಕೆಂಪು ಬಣ್ಣ, ಒಂದು ಮೂಲೆ ಜಜ್ಜಿದೆ,
ಎರಡನೆಯ ಗೇನ್ ಗುಂಡಿ
ಹನ್ನೊಂದರ ಹತ್ತಿರ ತಿರುಗುವಾಗ
ಒಣ ಬ್ರೆಡ್ಡು ಜಗಿದಂತೆ ಕರಕರ ಅನ್ನುತ್ತದೆ.
ಮಾರಿದ ಹುಡುಗಿ ಕೇತೋ ಮುಚ್ಚಿಡಲಿಲ್ಲ:
"ಅಲ್ಲಿ ನಿಲ್ಲಬೇಡಿ, ದಾಟಿಬಿಡಿ."
ಇನ್ನೂರ ಹತ್ತು ಲರಿ. ತಂತಿ ಬಿಟ್ಟಿ.

ನಾನು ಲಿಫ್ಟ್ ರಿಪೇರಿಯವನು.
ತಿಬಿಲಿಸಿಯ ಈ ಅಂಚಿನಲ್ಲಿ, ವಾರ್ಕೆತಿಲಿಯಲ್ಲಿ,
ನಾಣ್ಯ ನುಂಗಿ ಮೇಲೇರುವ ಹಳೆಯ ಡಬ್ಬಗಳ
ಹಲ್ಲು, ಹಗ್ಗ, ಹೊಟ್ಟೆ ಎಲ್ಲ ಬಲ್ಲೆ.
ಇದರ ಹೊಟ್ಟೆ ತಿಳಿಯಲು ಮೂರು ರಾತ್ರಿ ಹಿಡಿಯಿತು.
ಡ್ರೈವರ್ ಇಲ್ಲ ಅಂತು ಲ್ಯಾಪ್‌ಟಾಪು.
ಲಿಫ್ಟಿಗೂ ಇಲ್ಲವಲ್ಲ, ಅಂದೆ; ನಗಲಿಲ್ಲ ಅದು.
ಮೈಕಿಗೆ ನಲವತ್ತೆಂಟು ವೋಲ್ಟಿನ ಉಣಿಸು ಬೇಕು,
ಅದರ ಹೆಸರು ಫ್ಯಾಂಟಮ್, ಅಂದರೆ ದೆವ್ವ.
"ಬಾಡಿಗೆ ಕೇಳದ ದೆವ್ವ, ಇರಲಿ ಬಿಡು"
ಅಂದ ನೋದಾರ್, ತಾನೇ ಗುಂಡಿ ಒತ್ತುತ್ತ.

ಮೊದಲ ರಾತ್ರಿ ಹೆಡ್‌ಫೋನಿನಲ್ಲಿ
ನಾನು ಹಾಡಿದ್ದನ್ನೇ ತುಸು ತಡವಾಗಿ
ನನ್ನಂಥವನೊಬ್ಬ ಹಾಡುತ್ತಿದ್ದ.
ಬಫರ್ ಇಳಿಸುತ್ತ ಬಂದೆ:
ಐನೂರ ಹನ್ನೆರಡು, ಇನ್ನೂರ ಐವತ್ತಾರು,
ನೂರ ಇಪ್ಪತ್ತೆಂಟು,
ಅವನು ಹತ್ತಿರವಾದ, ಮೈಗಂಟಿದ.
ಅರವತ್ತನಾಲ್ಕಕ್ಕೆ ಲ್ಯಾಪ್‌ಟಾಪು ಕೆಮ್ಮಿತು.
ಒಂದು ಮಹಡಿ ಮೇಲೆ ಹತ್ತಿ ನಿಲ್ಲಿಸಿದೆ.

ನಮ್ಮದು ಕಳೆ ಕೀಳುವ ಹಾಡು,
ನೋದಾರನ ಗೂರಿಯಾ ಸೀಮೆಯ ಮುದುಕರು
ಮುಸುಕಿನ ಜೋಳದ ಸಾಲಿನಲ್ಲಿ ಎಸೆದಾಡಿದ್ದು.
ಒಲೆಗೆ ಮೂರು ಕಲ್ಲು;
ಒಂದು ತೆಗೆದರೆ ಗಡಿಗೆ ಉರುಳುತ್ತದೆ.
ಹಾಗಾದರೆ ಒಂದು ಮೈಕಿಗೆ ಯಾರಿಬ್ಬರು?
ಕರಕರ ಗುಂಡಿ ನನ್ನ ಪಾಲಿಗೆ ಬಂತು.
ಉಳಿದದ್ದು ಅವರಿಬ್ಬರದು,
ಎರವಲು ಹೋಗಿ ಮರಳದ ಡ್ರಿಲ್ಲೊಂದರ ಕಾರಣ
ಎರಡು ವರ್ಷದಿಂದ ಅಷ್ಟಕ್ಕಷ್ಟೆ ಇದ್ದವರದು.
ಮೊಣಕೈಗೆ ಮೊಣಕೈ ತಾಗಿಸಿ ನಿಂತರು,
ಒಬ್ಬನ ಮೈಯಲ್ಲಿ ಬೇಕರಿಯ ಒಲೆಯ ವಾಸನೆ,
ಇನ್ನೊಬ್ಬನ ಬಾಯಲ್ಲಿ ಪುದೀನ ಗುಳಿಗೆ.
ಜುಂಬೇರ್ ಬಾಯಿ ತೆರೆದೊಡನೆ ಕೆಂಪು ದೀಪ.
ಒಬ್ಬನನ್ನಷ್ಟೇ ತಗ್ಗಿಸುವ ಗುಂಡಿ ಯಾವ ಪೆಟ್ಟಿಗೆಯಲ್ಲಿದೆ?
"ಅರ್ಧ ಹೆಜ್ಜೆ ಹಿಂದೆ." ಹೋದ. "ಇನ್ನೂ."
ಬೀರುವಿನ ಚಳಿಗಾಲದ ಕೋಟುಗಳ ನಡುವೆ
ಮೂಗು ಮಾತ್ರ ಹೊರಗೆ.

ಉಳಿದದ್ದು ಒಂದು ಗುಂಯ್.
ಚಾರ್ಜರ್ ಕಿತ್ತೆ, ಫ್ರಿಜ್ ಆರಿಸಿದೆ, ಹೋಗಲಿಲ್ಲ;
ಯಾರಾದರೂ ಮನೆ ಸೇರುವಾಗಲೆಲ್ಲ
ತಂತಿಯೊಳಗೆ ಏಳುತ್ತದೆ, ನಿಲ್ಲುತ್ತದೆ.
ನನ್ನದೇ ಲಿಫ್ಟು.
ಕೆಳಗಿಳಿದು ಬೋರ್ಡು ತೂಗುಹಾಕಿ ಬಂದೆ:
"ರಿಪೇರಿಯಲ್ಲಿದೆ."
ನನ್ನ ಅಕ್ಷರವೇ. ಯಾರೂ ಅನುಮಾನಿಸರು.
ನಾಲ್ಕು ನಿಮಿಷದ ಸುಳ್ಳು.

ಮೂರನೆಯ ಸಲ ಹಾಡು ನೆಟ್ಟಗೆ ನಿಂತಿತು.
ಕಣ್ಣು ಮುಚ್ಚಿ ಕೇಳಿದೆವು.
ಕೊನೆಗೆ, ದನಿಗಳು ಒಂದಾಗುವ ಮುನ್ನಿನ ಬಿಡುವಿನಲ್ಲಿ,
ಮೆಟ್ಟಿಲ ಮೇಲೆ ಹೆಜ್ಜೆ. ಚೀಲ ಇಟ್ಟ ಸದ್ದು.
ಏದುಸಿರು. ಒಂದು ಕೆಮ್ಮು.
ಆಮೇಲೆ ಚೀಲ ಎತ್ತಿದ ಸದ್ದೇ ಇಲ್ಲ.

ಮರುದಿನ ಅಂಗಳದಲ್ಲಿ
ಹನ್ನೊಂದನೆಯ ಮಹಡಿಯ ತ್ಸಿಯಾಲಾ ತಡೆದಳು.
"ನಿನ್ನೆ ಲಿಫ್ಟ್ ಕೆಟ್ಟಿತ್ತಲ್ಲ,
ಐದು ಕಿಲೋ ಆಲೂಗೆಡ್ಡೆ ಹೊತ್ತು ಏಳರಲ್ಲಿ ಕೂತೆ.
ಒಳಗೆ ಹಾಡ್ತಿದ್ದವರು ನೀವೇ ತಾನೆ?
ಕೆಳದನಿಯವನನ್ನು ಎಲ್ಲಿ ಬಚ್ಚಿಟ್ಟಿದ್ದೀರಿ?
ಮುಂದೆ ಕರೀರಿ ಅವನನ್ನ, ನೆಲವೇ ಇಲ್ಲ ಹಾಡಿಗೆ."

ಬೋರ್ಡಿನ ಸಂಗತಿ ಹೇಳಲು ಬಾಯಿ ಬರಲಿಲ್ಲ.
ಜುಂಬೇರ್ ಕೋಟುಗಳಿಂದ ಹೊರಬಂದ,
ನೋದಾರ್ ಜಾಗ ಬಿಟ್ಟುಕೊಟ್ಟ, ಗೊಣಗುತ್ತಲೇ.
ಗೇನ್ ಇಳಿಸಿದ್ದೇವೆ.
ಇವತ್ತು ಶನಿವಾರ, ರಾತ್ರಿ ಎಂಟು.
ಬೋರ್ಡು ಕಂಕುಳಲ್ಲಿ, ಮುಷ್ಟಿಯಲ್ಲಿ ಒಂದು ನಾಣ್ಯ,
ಲಿಫ್ಟಿನ ಬಾಗಿಲಿಗೆ ಕಾಲು ಕೊಟ್ಟು ನಿಂತಿದ್ದೇನೆ.
ಮೇಲಿನಿಂದ ಇಬ್ಬರೂ ಕೂಗುತ್ತಿದ್ದಾರೆ.
ತ್ಸಿಯಾಲಾ ಇನ್ನೂ ಅಂಗಡಿಯಿಂದ ಬಂದಿಲ್ಲ.